ಉದ್ರಿ ಪುಸ್ತಕದ ಹೆಸರು ಇಗರ್ಜಿ ಪಟ್ಟಿಯಲ್ಲಿ ಯಾಕಿಲ್ಲ?

ಕಳೆದ ಕ್ರಿಸ್‌ಮಸ್‌ಗೆ ನಾಲ್ಕು ದಿನ ಮೊದಲು ಮಂಗಳೂರಿನ ಹೊರವಲಯದ ಒಂದು ಇಗರ್ಜಿಯ ಅಂಗಳದಲ್ಲಿ ಬಡವರಿಗೆ ಅಕ್ಕಿ ಹಂಚುವ ಕಾರ್ಯಕ್ರಮ ಇತ್ತು. ಯಾವ ಇಗರ್ಜಿ ಎಂದು ಕೇಳಬೇಡಿ. ಒಂದರ ಹೆಸರು ಹೇಳಿದರೆ ಬಾಕಿ ಎಲ್ಲ ತಪ್ಪಿಸಿಕೊಂಡ ಹಾಗಾಗ್ತದೆ. ಶಾಮಿಯಾನ ಇತ್ತು, ಬ್ಯಾನರ್ ಇತ್ತು, ಮೈಕ್ ಇತ್ತು. ಮುಖ್ಯ ಅತಿಥಿಗೆ ಶಾಲು, ಅಧ್ಯಕ್ಷರಿಗೆ ಹಣ್ಣಿನ ಬುಟ್ಟಿ. ಬಡವರಿಗೆ ಐದು ಕಿಲೋ ಕುಚ್ಚಲಕ್ಕಿ, ಒಂದು ಕಿಲೋ ಸಕ್ಕರೆ, ಚಾಹುಡಿ, ತೆಂಗಿನೆಣ್ಣೆ, ಒಂದು ಬೆಡ್‌ಶೀಟ್. ಮೂವತ್ತು ಮಂದಿ ಸಾಲಾಗಿ ಬಂದರು. ಒಬ್ಬೊಬ್ಬರೂ ಅತಿಥಿಯ ಕೈಯಿಂದ ಚೀಲ ತೆಗೆದುಕೊಂಡು, ಫೋಟೋದವರು 'ಇತ್ತ ನೋಡಿ' ಅನ್ನುವವರೆಗೆ ನಿಂತು, ನೋಡಿ, ಇಳಿದು ಹೋದರು. ಏಳನೆಯವರೋ ಎಂಟನೆಯವರೋ ಒಬ್ಬ ಮುದುಕ ಮಾತ್ರ ನೋಡಲಿಲ್ಲ. ಎರಡು ಸಲ ಹೇಳಿದರೂ ನೋಡಲಿಲ್ಲ. ಚೀಲವನ್ನು ಎದೆಗೆ ಹಿಡಿದು ಅದರ ಬಾಯಿಗೆ ಕಟ್ಟಿದ ಹಗ್ಗವನ್ನೇ ನೋಡುತ್ತ ನಿಂತ. ಕಡೆಗೆ ಅತಿಥಿಗಳು ತಾವೊಬ್ಬರೇ ಕ್ಯಾಮೆರಾ ನೋಡಿ ನಕ್ಕರು.

ವರದಿಗೆ ಬೇಕಾದ್ದನ್ನು ಬರೆದುಕೊಂಡು ಎದುರಿನ ಜೀನಸು ಅಂಗಡಿಗೆ ಸೋಡಾ ಕುಡಿಯಲು ಹೋದೆ. ಅಂಗಡಿಯವರು ಇಗರ್ಜಿಗೆ ಹೋಗುವ ಜನ ಅಲ್ಲ. ಆದರೆ ಮೂವತ್ತು ವರ್ಷದಿಂದ ಇಗರ್ಜಿಯ ಎದುರೇ ಕೂತವರು. ಬಾಟ್ಲಿ ತೆರೆಯುತ್ತ ಕೇಳಿದರು: 'ಪಟ್ಟಿಯಲ್ಲಿ ಆ ಗುಡ್ಡೆಮನೆ ಬಾಯಮ್ಮ ಇದ್ರಾ?'

ಯಾವ ಬಾಯಮ್ಮ, ಎಂತ ಕಥೆ? ಗಂಡ ತೀರಿಹೋಗಿ ಆರು ವರ್ಷ. ಮಗ ಗಲ್ಫಿನಲ್ಲಿದ್ದ, ಕೆಲಸ ಹೋಯಿತು. ಈಗ ಹಣ ಬರುವುದಿಲ್ಲ, ಫೋನೂ ಅಪರೂಪ. ಮನೆಗೆ ತಾರಸಿ ಉಂಟು, ಕಬ್ಬಿಣದ ಗೇಟು ಉಂಟು. ತಾರಸಿ ಮನೆಯವರನ್ನು ಬಡವರ ಪಟ್ಟಿಗೆ ಯಾರು ಹಾಕ್ತಾರೆ?

'ಮೊದಲೆಲ್ಲ ಉದ್ರಿ ಬರೆಸ್ತಿದ್ರು' ಎಂದರು ಅಂಗಡಿಯವರು. 'ಮೂರು ವಾರದಿಂದ ಅದೂ ಇಲ್ಲ. ನೋಡಿ, ಉದ್ರಿ ಕೇಳುವವರ ಬಗ್ಗೆ ನನಗೆ ಹೆದರಿಕೆ ಇಲ್ಲ. ಕೇಳುವುದು ನಿಲ್ಲಿಸಿದವರ ಬಗ್ಗೆ ಹೆದರಿಕೆ.'

ಪುಸ್ತಕ ತೆರೆದು ಪುಟ ತೋರಿಸಿದರು. ಅಷ್ಟು ಹೊತ್ತು ಬಾಯಮ್ಮನ ಸುದ್ದಿ ಮಾತಾಡಿದವರೇ, ಪುಟದ ಮೇಲೆ ಬರೆದ ಹೆಸರಿನ ಮೇಲೆ ಮಾತ್ರ ಅಂಗೈ ಇಟ್ಟಿದ್ದರು.

ಸೋಡಾ ಕುಡಿದೆ, ಬಸ್ಸು ಹತ್ತಿದೆ. ಆ ಅಂಗೈ ಮಾತ್ರ ತಲೆಯಿಂದ ಹೋಗಲಿಲ್ಲ. ರಸ್ತೆಯ ಒಂದು ಬದಿಯಲ್ಲಿ ಕೊಡಲು ಅಕ್ಕಿ ಉಂಟು, ಯಾರಿಗೆ ಬೇಕು ಎಂಬ ಸರಿಯಾದ ಲೆಕ್ಕ ಇಲ್ಲ. ಇನ್ನೊಂದು ಬದಿಯಲ್ಲಿ ಲೆಕ್ಕ ಉಂಟು. ನಡುವೆ ಇಪ್ಪತ್ತು ಅಡಿ ಡಾಂಬರು. ಆ ಇಪ್ಪತ್ತು ಅಡಿ ದಾಟಲು ನಮ್ಮ ಇಗರ್ಜಿ, ಚರ್ಚುಗಳವರಿಗೆ ಆಗುವುದಿಲ್ಲವೇ ಎಂಬುದೇ ಈ ವಾರದ ಪ್ರಶ್ನೆ.

ಅನ್ನದ ಸಾಲಿನಲ್ಲೇ ಜಗಳ

ಇದು ಹೊಸ ತಕರಾರಲ್ಲ. ಕ್ರೈಸ್ತ ಸಭೆಯಷ್ಟೇ ಹಳೆಯದು. ಬೈಬಲಿನ ಅಪೊಸ್ತಲರ ಕೃತ್ಯಗಳ ಪುಸ್ತಕದ ಆರನೆಯ ಅಧ್ಯಾಯ ತೆಗೆದು ನೋಡಿ. ಯೆರೂಸಲೇಮಿನಲ್ಲಿ ಸಭೆ ಆಗಷ್ಟೇ ಕಣ್ಣು ಬಿಟ್ಟಿದೆ. ದಿನವೂ ವಿಧವೆಯರಿಗೆ ಊಟ ಹಂಚುವ ಪದ್ಧತಿ. ಅಲ್ಲೇ ಗಲಾಟೆ: ಗ್ರೀಕ್ ಮಾತಾಡುವವರ ವಿಧವೆಯರಿಗೆ ಪಾಲು ಸಿಗುತ್ತಿಲ್ಲ, ಊರವರ ವಿಧವೆಯರಿಗೆ ಮಾತ್ರ ಸಿಗುತ್ತಿದೆ ಎಂದು. ದೊಡ್ಡವರು ಎಂತ ಮಾಡಿದರು? ದೂರು ಕೊಟ್ಟವರ ಬಾಯಿ ಮುಚ್ಚಿಸಲಿಲ್ಲ. ಒಳ್ಳೆ ಹೆಸರಿದ್ದ ಏಳು ಮಂದಿಯನ್ನು ಆರಿಸಿ ಬಡಿಸುವ ಕೆಲಸ ಅವರಿಗೇ ಒಪ್ಪಿಸಿದರು. ಆ ಏಳೂ ಹೆಸರುಗಳು ಗ್ರೀಕ್ ಹೆಸರುಗಳು. ಅಂದರೆ ತಪ್ಪಿಹೋದವರ ಮನೆ ಗೊತ್ತಿದ್ದವರ ಕೈಗೇ ಸೌಟು ಕೊಟ್ಟ ಹಾಗೆ ಕಾಣ್ತದೆ. ಸಭೆಯ ಮೊದಲ ಕಮಿಟಿ ಹುಟ್ಟಿದ್ದು ಹೀಗೆ, ಪಟ್ಟಿಯಲ್ಲಿ ಬಿಟ್ಟುಹೋದ ವಿಧವೆಯರ ದೆಸೆಯಿಂದ. ಅಲ್ಲಿಂದ ಇಲ್ಲಿಯವರೆಗೆ ಕಮಿಟಿಗಳೇನೋ ಬೇಕಾದಷ್ಟು ಹುಟ್ಟಿವೆ!

ಆ ಮೇಲಿನ ಹದಿನೆಂಟು ನೂರು ವರ್ಷ ಹಾರಿ ಪ್ಯಾರಿಸಿಗೆ ಬರೋಣ. 1833. ಹಿಂದಿನ ವರ್ಷವಷ್ಟೇ ಕಾಲರಾ ಬಂದು ಪ್ಯಾರಿಸ್ ಬಳಲಿತ್ತು. ಫ್ರೆಡರಿಕ್ ಒಜಾನಾಂ ಎಂಬ ಇಪ್ಪತ್ತು ವರ್ಷದ ಕಾಲೇಜು ಹುಡುಗ ಸ್ನೇಹಿತರ ಜೊತೆ ಚರ್ಚಾಕೂಟ ನಡೆಸುತ್ತಿದ್ದ. ಧರ್ಮ ದೊಡ್ಡದು, ಸಭೆ ದೊಡ್ಡದು ಎಂದು ವಾದ. ಎದುರು ಪಕ್ಷದವರು ಕೇಳಿದರು: ಹಿಂದೆ ನಿಮ್ಮವರು ಮಾಡಿದ್ದು ಸರಿ, ಈಗ ಈ ಊರಿನ ಬಡವರಿಗೆ ನೀವು ಮಾಡ್ತಿರುವುದು ಎಂತ? ಉತ್ತರ ಇರಲಿಲ್ಲ. ಚಳಿಗಾಲಕ್ಕೆಂದು ತಾವಿಟ್ಟುಕೊಂಡ ಸೌದೆಯಲ್ಲೇ ಉಳಿದದ್ದನ್ನು ಒಜಾನಾಂ ಮತ್ತು ಒಬ್ಬ ಗೆಳೆಯ ಒಬ್ಬ ಬಡವನ ಮನೆಗೆ ಹೊತ್ತುಕೊಂಡು ಹೋದರಂತೆ. ಶುರುವಾದದ್ದು ಅಲ್ಲಿಂದ ಎನ್ನುತ್ತಾರೆ.

ನನಗೆ ಈ ಕಥೆಯಲ್ಲಿ ಸೌದೆಗಿಂತ ಮುಖ್ಯ ಎನಿಸಿದ್ದು ಮುಂದಿನ ಸಂಗತಿ. ಹುಡುಗರಿಗೆ ಮನಸ್ಸಿತ್ತು, ವಿಳಾಸ ಗೊತ್ತಿರಲಿಲ್ಲ. ಆಗ ಅವರು ಹೋದದ್ದು ರೊಸಾಲಿ ರೆಂದು ಎಂಬ ಕನ್ಯಾಸ್ತ್ರೀಯ ಹತ್ತಿರ. ಪ್ಯಾರಿಸಿನ ಅತಿ ಬಡ ಕೇರಿಯೊಂದರಲ್ಲಿ ಮೂವತ್ತು ವರ್ಷದಿಂದ ಕೆಲಸ ಮಾಡಿದವರು ಅವರು. ಯಾವ ಮಹಡಿಯಲ್ಲಿ ಯಾರು ಮಲಗಿದ್ದಾರೆ, ಯಾರ ಒಲೆ ಉರಿದಿಲ್ಲ ಎಲ್ಲ ಗೊತ್ತು. ಅವರು ಮನೆಗಳ ವಿಳಾಸ ಕೊಟ್ಟರು, ರೊಟ್ಟಿಯ ಚೀಟಿ ಕೊಟ್ಟರು, ಮನೆಯೊಳಗೆ ಹೋಗಿ ಹೇಗೆ ಕೂರಬೇಕು, ಹೇಗೆ ಮಾತಾಡಬೇಕು ಎಂದೂ ಹೇಳಿಕೊಟ್ಟರು. ನಮ್ಮ ಜೀನಸು ಅಂಗಡಿಯವರು ಆ ಕಾಲದ ಪ್ಯಾರಿಸಿನಲ್ಲಿ ಇರುತ್ತಿದ್ದರೆ ಒಜಾನಾಂ ಅವರನ್ನೂ ಕಾಣಲು ಬರುತ್ತಿದ್ದನೋ ಏನೋ.

ಹೀಗೆ ಹುಟ್ಟಿದ್ದೇ ಸಂತ ವಿನ್ಸೆಂಟ್ ದೆ ಪಾವ್ಲ್ ಸಭಾ. ಇಂಡಿಯಾಕ್ಕೆ ಬಂದದ್ದು 1863ರಲ್ಲಿ, ಪುಣೆಗೆ. ಮಂಗಳೂರು, ಉಡುಪಿ ಕಡೆಯ ಇಗರ್ಜಿಗಳಲ್ಲಿ ಈಗಲೂ ಇದರ ಘಟಕಗಳು ಉಂಟು. ಇವರ ಪದ್ಧತಿ ನೋಡಿ: ಇಬ್ಬಿಬ್ಬರಾಗಿ ಮನೆಗೆ ಹೋಗಬೇಕು. ಕಂಡದ್ದನ್ನು ಹೊರಗೆ ಹೇಳಬಾರದು. ಸಭೆಯ ಕಡೆಗೆ ಒಂದು ಚೀಲ ಸುತ್ತು ಬರ್ತದೆ, ಕೈ ಒಳಗೆ ಹಾಕಿ ಕೈಲಾದ್ದು ಬಿಡಬೇಕು; ನೂರು ಹಾಕಿದಿರೋ ಹತ್ತು ಹಾಕಿದಿರೋ, ಬರಿಗೈ ಹಾಕಿ ತೆಗೆದಿರೋ ಪಕ್ಕದವನಿಗೆ ತಿಳಿಯುವುದಿಲ್ಲ. ಸಹಾಯ ಪಡೆಯುವವರ ಜಾತಿ, ಧರ್ಮ ಕೇಳುವ ಹಾಗಿಲ್ಲ. ಶಾಮಿಯಾನ ಬೇಕಿಲ್ಲ, ಮೈಕೂ ಬೇಕಿಲ್ಲ. ಈ ಪದ್ಧತಿ ಕೈಯಲ್ಲೇ ಇಟ್ಟುಕೊಂಡು ನಾವು ಬ್ಯಾನರ್ ಕಟ್ಟುವುದು ಯಾಕೆ ಎಂದು ಒಬ್ಬ ಹಳೆ ವಿನ್ಸೆಂಟ್ ಪಾವ್ಲಿನವರನ್ನು ಕೇಳಿದೆ. 'ಹೊಸ ಹುಡುಗರು ಬರುವುದಿಲ್ಲ ಮಾರಾಯ್ರೇ. ಫೋಟೋ ಇಲ್ಲದ ಕೆಲಸ ಯಾರಿಗೆ ಬೇಕು?' ಎಂದರು. ಹುಡುಗರದ್ದು ಮಾತ್ರ ತಪ್ಪು ಎಂದು ನನಗೆ ಕಾಣುವುದಿಲ್ಲ. ಫೋಟೋ ಇಲ್ಲದಿದ್ದರೆ ದಾನಿಗಳೂ ಕೊಡುವುದಿಲ್ಲ, ಫೋಟೋ ಇಲ್ಲದಿದ್ದರೆ ನಮ್ಮ ಪತ್ರಿಕೆಯಲ್ಲೂ ಸುದ್ದಿ ಬರುವುದಿಲ್ಲ. ಇದರಲ್ಲಿ ನಮ್ಮ ಪಾಲೂ ಉಂಟು, ಅದನ್ನು ಬರೆದುಕೊಳ್ಳಿ.

ಹಂಚಿನ ಕೆಳಗಿನ ಕಥೆ

ಚೀಲ ಅಕ್ಕಿ ಎಷ್ಟು ದಿನ ಬಂದೀತು? ಹೆಚ್ಚೆಂದರೆ ಎರಡು ವಾರ. ಅದಕ್ಕಿಂತ ಉದ್ದದ ಸಹಾಯವನ್ನೂ ನಮ್ಮ ಊರು ಕಂಡಿದೆ.

ಬಾಸೆಲ್ ಮಿಶನಿನ ಮೂವರು, ಹೆಬಿಕ್, ಲೇನರ್, ಗ್ರೈನರ್, ಮಂಗಳೂರಿಗೆ ಬಂದದ್ದು 1834ರಲ್ಲಿ. ಅವರ ಸಭೆಗೆ ಸೇರಿದವರಿಗೆ ಮನೆಯಿಂದ ಗೇಟ್‌ಪಾಸ್, ಜಾತಿಯಿಂದ ಗೇಟ್‌ಪಾಸ್, ಗೇಣಿ ಭೂಮಿ ಹೋಯಿತು, ಕುಲಕಸುಬು ಹೋಯಿತು. ಭಾನುವಾರ ಆರಾಧನೆ ಸರಿ, ಸೋಮವಾರ ಉಣ್ಣುವುದು ಎಂತ? ಮಿಶನಿನವರು ಒಂದೊಂದೇ ಕಸುಬು ಪರೀಕ್ಷೆ ಮಾಡಿದರು. ಗಡಿಯಾರದ ಕೆಲಸ ಕಲಿಸಲು ನೋಡಿದರು, ಕೈಹಿಡಿಯಲಿಲ್ಲ. 1851ರಲ್ಲಿ ಹಾಲರ್ ಎಂಬವರು ಮಗ್ಗ ಹಾಕಿಸಿದರು, ಅದು ನಡೆಯಿತು; ಖಾಕಿ ಬಣ್ಣ ಮೊದಲು ಹುಟ್ಟಿದ್ದೇ ಆ ನೇಯ್ಗೆ ಶಾಲೆಯಲ್ಲಿ ಎಂಬ ಮಾತೂ ಉಂಟು. 1865ರಲ್ಲಿ ಪ್ಲೆಬ್ಸ್ಟ್ ಎಂಬವರು ನೇತ್ರಾವತಿ ದಂಡೆಯ ಜೇಡಿಮಣ್ಣು ಹಿಡಿದು ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆಗೆದರು. ಮುಂದಿನದು ನಿಮಗೆ ಗೊತ್ತು. ಮಂಗಳೂರು ಹಂಚು ಎಲ್ಲಿಗೆಲ್ಲ ಹೋಯಿತು ಎಂದು ಹೇಳಬೇಕಿಲ್ಲ, ಹಳೆ ಬಂದರಿಗೆ ಹೋಗಿ ಕೇಳಿದರೆ ಸಾಕು.

ಇಲ್ಲಿ ಒಂದು ಮಾತು ಮುಚ್ಚಿಡಬಾರದು. ವಾರಪೂರ್ತಿ ಕೂಲಿ ಕೊಡುವವರೂ ಮಿಶನಿನವರೇ, ಭಾನುವಾರ ಉಪದೇಶ ಮಾಡುವವರೂ ಮಿಶನಿನವರೇ. ಧಣಿಯೂ ಪಾದ್ರಿಯೂ ಒಬ್ಬರೇ ಆದರೆ ಕೆಲಸದವನು ಬಾಯಿಬಿಟ್ಟು ಮಾತಾಡುವುದು ಹೇಗೆ? ಇದು ಸರಿಯೇ ಎಂದು ಮಿಶನಿನ ಒಳಗೇ ವಾದವಾಗಿತ್ತು. 1914ರ ಯುದ್ಧ ಬಂತು. ಜರ್ಮನರನ್ನು ಬ್ರಿಟಿಷ್ ಸರ್ಕಾರ ಹಿಡಿದು ಕಳಿಸಿತು. ಕಾರ್ಖಾನೆಗಳು ಕಾಮನ್‌ವೆಲ್ತ್ ಟ್ರಸ್ಟಿನ ಕೈಗೆ ಹೋದವು. ಧಣಿ ಬದಲಾದ, ಆದರೆ ಕೆಲಸ ಕಲಿತ ಕೈ ಅವರವರ ಹತ್ತಿರವೇ ಉಳಿಯಿತು. ಬಾಸೆಲ್ ಮಿಶನ್ ಸುಟ್ಟ ಹಂಚನ್ನು ನೋಡಿ ಊರಿನ ಬೇರೆ ಜಾತಿ ಧರ್ಮದವರೂ ಗೂಡು ಹಾಕಿದರು. ಅದರಿಂದ ಎಷ್ಟು ಮನೆಯ ಒಲೆ ಉರಿದಿದೆಯೋ, ಲೆಕ್ಕ ಇಟ್ಟವರಿಲ್ಲ.

ಇನ್ನೊಬ್ಬರು ಕಂಕನಾಡಿಯ ಆಗಸ್ಟಸ್ ಮುಲ್ಲರ್. ಜರ್ಮನ್ ಜೆಸುಯಿಟ್ ಪಾದ್ರಿ, 1878ರ ಕಡೆಯ ದಿನಗಳಲ್ಲಿ ಮಂಗಳೂರಿಗೆ ಬಂದರು. ಬಂದದ್ದು ಪಾಠ ಹೇಳಲು. ಜೊತೆಗೆ ಹೋಮಿಯೋಪಥಿ ಗೊತ್ತಿತ್ತು. ಮಕ್ಕಳಿಗೆ, ಅಕ್ಕಪಕ್ಕದವರಿಗೆ ಮದ್ದು ಕೊಡುತ್ತ ಕೊಡುತ್ತ 1880ರಲ್ಲಿ ಬಡವರ ಔಷಧಾಲಯವೇ ಆಯಿತು. ಆಲದ ಮರದ ಅಡಿಯಲ್ಲಿ ಶುರುವಾಯಿತು ಎಂದು ಹಳಬರು ಹೇಳ್ತಾರೆ. 1890ರಲ್ಲಿ ಕುಷ್ಠರೋಗಿಗಳಿಗೆ ಆಸ್ಪತ್ರೆ. ಆಗ ಕುಷ್ಠರೋಗಿ ಎಂದರೆ ಸ್ವಂತ ಮನೆಯವರೂ ಗದ್ದೆ ಬದಿಗೆ ಗುಡಿಸಲು ಹಾಕಿ ದೂರದಿಂದ ಗಂಜಿ ಇಡುವ ಕಾಲ. 1902ರಲ್ಲಿ ಪ್ಲೇಗ್ ಬಂದಾಗ ಪ್ಲೇಗಿಗೂ ಆಸ್ಪತ್ರೆ.

ಅಂಗಡಿ ಇಟ್ಟವರು ಗಮನಿಸಬೇಕಾದ್ದು ಇವರು ಹಣ ತಂದ ರೀತಿ. ದಾನ ಬಂದದ್ದು ಬಂತು, ಅದನ್ನೇ ನಂಬಿ ಕೂರಲಿಲ್ಲ. ಹೋಮಿಯೋಪಥಿ ಔಷಧಿಯನ್ನು ಕಂಕನಾಡಿಯಿಂದ ಅಂಚೆಯಲ್ಲಿ ದೇಶದ ಮೂಲೆಮೂಲೆಗೆ ಮಾರಿದರು. ಕೊಳ್ಳಲು ಶಕ್ತಿ ಇದ್ದವರು ಕೊಟ್ಟ ಹಣದಲ್ಲಿ ಶಕ್ತಿ ಇಲ್ಲದವರಿಗೆ ಮದ್ದು. ಲೆಕ್ಕ ಗೊತ್ತಿದ್ದ ಪಾದ್ರಿ! 1910ರಲ್ಲಿ ತೀರಿಹೋದರು. ಇವತ್ತು ಆ ಜಾಗದಲ್ಲಿ ದೊಡ್ಡ ಆಸ್ಪತ್ರೆ, ಕಾಲೇಜುಗಳು ಎದ್ದಿವೆ. ಕಂಕನಾಡಿ ಬಸ್ಸಿನಲ್ಲಿ ಕೂತು ದಿನವೂ ಆ ಹೆಸರು ಕೂಗುವುದನ್ನು ಕೇಳುವ ನಮಗೆ, ಅದು ಒಬ್ಬ ಮೇಷ್ಟರ ಮದ್ದಿನ ಪೆಟ್ಟಿಗೆಯಿಂದ ಹೊರಟದ್ದು ಎಂದು ನೆನಪಾಗುವುದಿಲ್ಲ.

ಅವರು ತೀರಿಹೋದ ಎರಡೇ ವರ್ಷಕ್ಕೆ, 1912ರಲ್ಲಿ, ಪಿ. ಎಫ್. ಎಕ್ಸ್. ಸಲ್ಡಾನ್ಹ ಅವರ ಮುಂದಾಳ್ತನದಲ್ಲಿ ಮಂಗಳೂರಿನ ಕಥೋಲಿಕರು ಸಹಕಾರಿ ಬ್ಯಾಂಕ್ ಕಟ್ಟಿದರು. ಎಂ.ಸಿ.ಸಿ. ಬ್ಯಾಂಕ್ ಎಂದು ಈಗಲೂ ನಡೆಯುತ್ತಿದೆ. ಬಡ್ಡಿಗೆ ಕೊಡುವವನ ಜಗಲಿ ಹತ್ತದ ಹಾಗೆ ಮಾಡುವುದೂ ಬಡವನ ಸೇವೆಯೇ.

ಬಸ್ಸು ಸಿಕ್ಕಿದರೆ ತಾನೇ

ಸರಿ, ಅದು ಆ ಕಾಲ. ಕಾರ್ಖಾನೆ ತೆಗೆಯಲು, ಆಸ್ಪತ್ರೆ ಕಟ್ಟಲು ಇಂದು ಒಂದು ಸಣ್ಣ ಸಭೆಗೆ ಸಾಧ್ಯವೇ? ಬೇಕಾಗಿಯೂ ಇಲ್ಲ. ವೆನ್ಲಾಕ್ ಆಸ್ಪತ್ರೆಯ ಗೇಟಿನ ಹತ್ತಿರ ಒಂದು ಸಂಜೆ ನಿಂತು ನೋಡಿ, ಎಂತ ಬೇಕು ಎಂದು ಕಣ್ಣಿಗೇ ಕಾಣ್ತದೆ.

1848ರಿಂದ ಇರುವ ಸರ್ಕಾರಿ ಆಸ್ಪತ್ರೆ. ಕಾಸರಗೋಡಿನಿಂದ ಬರ್ತಾರೆ, ಕೊಡಗಿನಿಂದ ಬರ್ತಾರೆ, ಚಿಕ್ಕಮಗಳೂರಿನಿಂದ ಬರ್ತಾರೆ. ರೋಗಿಗೆ ಮಂಚ ಸಿಗ್ತದೆ, ಊಟ ಸಿಗ್ತದೆ. ಜೊತೆಗೆ ಬಂದವರ ಕಥೆ? ಊಟ ತಂದುಕೊಡುವ ಸಂಘ ಸಂಸ್ಥೆಗಳು ಬೇರೆ ಬೇರೆ ಧರ್ಮದವರದ್ದು ಉಂಟು, ಅವರಿಗೆ ಪುಣ್ಯ ಬರಲಿ. ಆದರೆ ಸ್ನಾನಕ್ಕೆ ಎಲ್ಲಿ, ಒಂದು ರಾತ್ರಿ ಬೆನ್ನು ಚಾಚಲು ಎಲ್ಲಿ, ಕೈಯಲ್ಲಿ ಕೊಟ್ಟ ಚೀಟಿ ಹಿಡಿದು ಯಾವ ಕೋಣೆಗೆ ಹೋಗುವುದು? ಪೇಟೆಯ ನಡುವೆ ಎಷ್ಟು ಚರ್ಚ್ ಹಾಲ್‌ಗಳಿವೆ ಎಣಿಸಿ. ಮದುವೆ ಇಲ್ಲದ ದಿನ ರಾತ್ರಿ ಬೀಗ. ಆ ಬೀಗ ವಾರಕ್ಕೆರಡು ರಾತ್ರಿ ತೆಗೆದರೂ ಇಪ್ಪತ್ತು ಮಂದಿ ಒಣ ನೆಲದಲ್ಲಿ ಮಲಗಿಯಾರು.

ಇನ್ನು ಡಯಾಲಿಸಿಸ್. ಕಿಡ್ನಿ ಕೆಟ್ಟವರಿಗೆ ವಾರಕ್ಕೆ ಎರಡು ಸಲ, ಕೆಲವರಿಗೆ ಮೂರು ಸಲ. ಒಂದು ಸಲಕ್ಕೆ ನಾಲ್ಕು ಗಂಟೆ ಯಂತ್ರದ ಪಕ್ಕ ಮಲಗಬೇಕು. ಸರ್ಕಾರಿ ಆಸ್ಪತ್ರೆಯಲ್ಲಿ ಬಡವರಿಗೆ ಇದು ಉಚಿತ, ಒಳ್ಳೆಯದೇ. ಆದರೆ ಆಸ್ಪತ್ರೆಯವರೆಗೆ ಬರುವುದು? ಮುಗಿದ ಮೇಲೆ ತಲೆ ಸುತ್ತುತ್ತದೆ, ಕಾಲು ನಡುಗುತ್ತದೆ. ಜೊತೆಗೊಬ್ಬರು ಬೇಕು, ಆ ಒಬ್ಬರ ದಿನಗೂಲಿ ಹೋಯಿತು. 2023ರ ಜೂನ್ 11ರಿಂದ ಹೆಂಗಸರಿಗೆ ಸರ್ಕಾರಿ ಬಸ್ಸಿನಲ್ಲಿ ಟಿಕೆಟಿಲ್ಲ. ಬಯಲುಸೀಮೆಯವರಿಗೆ ದೊಡ್ಡ ಅನುಕೂಲ. ನಮ್ಮ ಜಿಲ್ಲೆಯಲ್ಲಿ? ಸ್ಟೇಟ್ ಬ್ಯಾಂಕ್ ನಿಲ್ದಾಣಕ್ಕೆ ಬನ್ನಿ. ಎಣಿಸಿದರೆ ಖಾಸಗಿ ಬಸ್ಸುಗಳೇ ಹೆಚ್ಚು. ಒಳಗಿನ ಎಷ್ಟೋ ಊರುಗಳಿಗೆ ಸರ್ಕಾರಿ ಬಸ್ಸಿನ ಮುಖವೇ ಅಪರೂಪ. ಅಲ್ಲಿ ಹೆಂಗಸೂ ಟಿಕೆಟ್ ತೆಗೆಯಬೇಕು, ಗಂಡಸೂ ತೆಗೆಯಬೇಕು.

ಈಗ ಒಂದು ಲೆಕ್ಕ ಹಾಕೋಣ. ವಾರಕ್ಕೆ ಎರಡು ಸಲ ಎಂದರೆ ತಿಂಗಳಿಗೆ ಒಂಬತ್ತು ಸಲ. ಒಂದು ಸಭೆಯಲ್ಲಿ ಇನ್ನೂರು ಮನೆ ಇದ್ದರೆ, ಕಾರು ಇರುವ ಮನೆ ಮೂವತ್ತಾದರೂ ಇದ್ದೀತು. ಒಂಬತ್ತು ಮನೆಯವರು ತಿಂಗಳಿಗೆ ಒಂದೊಂದು ದಿನ ಒಪ್ಪಿಕೊಂಡರೆ ಒಬ್ಬ ರೋಗಿಯ ವರ್ಷಪೂರ್ತಿಯ ಓಡಾಟ ಮುಗಿಯಿತು. ಮೂವತ್ತೂ ಮನೆಯವರು ಒಪ್ಪಿಕೊಂಡರೆ ಮೂವರದ್ದು. ಕಾರು ಹೇಗೂ ಪೇಟೆಗೆ ಹೋಗ್ತದೆ, ಹಿಂದಿನ ಸೀಟು ಖಾಲಿಯೇ ಹೋಗ್ತದೆ. ಇದಕ್ಕೆ ಬೇಕಾದ್ದು ಒಂದು ಪುಸ್ತಕ, ಒಂದು ಫೋನು, ಪ್ರತಿ ಶನಿವಾರ ಸಂಜೆ 'ನಾಡಿದ್ದು ಯಾರ ಸರದಿ' ಎಂದು ಕೇಳುವ ಒಬ್ಬ ಹಠಮಾರಿ ಮನುಷ್ಯ. ಅಂಥವರು ಎಲ್ಲ ಇಗರ್ಜಿಯಲ್ಲೂ ಒಬ್ಬರು ಇರ್ತಾರೆ. ಸಾಧಾರಣವಾಗಿ ಅವರನ್ನು ಹಬ್ಬದ ದಿನ ವಾಹನ ನಿಲ್ಲಿಸುವ ಕೆಲಸಕ್ಕೆ ಹಾಕಿರ್ತಾರೆ.

ಅರ್ಜಿ ಬರೆಯುವ ಕೈ

ಇನ್ನೊಂದು ಕೆಲಸ ಉಂಟು, ಇದಕ್ಕೆ ಒಂದು ರೂಪಾಯಿಯ ದಾನವೂ ಬೇಡ. ನಮ್ಮ ಸಭೆಗಳಲ್ಲಿ ನಿವೃತ್ತ ಮೇಷ್ಟ್ರು, ಬ್ಯಾಂಕಿನವರು, ತಾಲೂಕು ಆಫೀಸಿನ ಗುಮಾಸ್ತರು ಎಷ್ಟಿಲ್ಲ? ಅತ್ತ ಊರಿನಲ್ಲಿ ಸಂಧ್ಯಾ ಸುರಕ್ಷಾ ಪಿಂಚಣಿ ಬರಬೇಕಾದವರು, ವಿಧವಾ ವೇತನ ಬರಬೇಕಾದವರು ಕಾಗದ ಸರಿ ಇಲ್ಲದೆ ಕೂತಿದ್ದಾರೆ. ಆಧಾರಿನಲ್ಲಿ ಒಂದು ಹೆಸರು, ರೇಷನ್ ಕಾರ್ಡಿನಲ್ಲಿ ಇನ್ನೊಂದು. ಕ್ರೈಸ್ತರ ಹೆಸರಿನ ಪಾಡಂತೂ ಕೇಳಬೇಡಿ. ಡಿಸೋಜ, ಡಿ'ಸೋಜಾ, ಡಿಸೋಜಾ ಎಂದು ಮೂರು ಕಾಗದದಲ್ಲಿ ಮೂರು ಜನ. ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ತಪ್ಪಿ ಬರುತ್ತಿದ್ದ ಪಿಂಚಣಿಯೂ ನಿಂತಿದೆ. ಜೀವಮಾನವೆಲ್ಲ ಬೀಡಿ ಕಟ್ಟಿದ ಬೆರಳಿನ ಗೆರೆ ಸವೆದು ರೇಷನ್ ಅಂಗಡಿಯ ಯಂತ್ರ 'ಇವರು ಇವರಲ್ಲ' ಅನ್ನುತ್ತದೆ! ನಾಡಕಚೇರಿಗೆ ಮೂರು ಸಲ ಹೋಗಿ ಬಂದರೆ ಮೂರು ದಿನದ ಬೀಡಿ ಹೋಯಿತು.

ಭಾನುವಾರ ಪೂಜೆ ಮುಗಿದ ಮೇಲೆ ಇಗರ್ಜಿ ಅಂಗಳದಲ್ಲಿ ಒಂದು ಮೇಜು, ಎರಡು ಕುರ್ಚಿ, ಒಬ್ಬ ನಿವೃತ್ತ ಗುಮಾಸ್ತರು. ಯಾರೂ ಬರಬಹುದು, ಶಿಲುಬೆ ಹಾಕಿದವರೂ, ನಾಮ ಹಾಕಿದವರೂ, ಟೊಪ್ಪಿ ಹಾಕಿದವರೂ. ಅರ್ಜಿ ತುಂಬಿಸಿ, ಜೆರಾಕ್ಸ್ ಜೋಡಿಸಿ, ಬೇಕಾದರೆ ಸೋಮವಾರ ಕಚೇರಿಗೆ ಜೊತೆಗೇ ಹೋಗುವುದು. ಒಮ್ಮೆ ಮಂಜೂರಾದ ಪಿಂಚಣಿ ತಿಂಗಳು ತಿಂಗಳೂ ಬರ್ತದೆ. ಕ್ರಿಸ್‌ಮಸ್‌ನ ಅಕ್ಕಿ ವರ್ಷಕ್ಕೊಮ್ಮೆ. ಯಾವುದು ಹೆಚ್ಚು ತೂಗ್ತದೆ, ತಕ್ಕಡಿ ಹಿಡಿಯುವವರು ನೀವೇ ಹೇಳಿ.

ಕರಾವಳಿಯ ಇನ್ನೊಂದು ಕೊರತೆ ಯಾವ ಅರ್ಜಿಯಲ್ಲೂ ಬರುವಂಥದ್ದಲ್ಲ. ದೊಡ್ಡ ಮನೆ, ಒಳಗೆ ಒಬ್ಬರೋ ಇಬ್ಬರೋ ಮುದುಕರು. ಮಕ್ಕಳು ದುಬೈಯಲ್ಲಿ, ಕೆನಡಾದಲ್ಲಿ. ಹಣ ಬರ್ತದೆ, ಭಾನುವಾರ ವಿಡಿಯೋ ಕಾಲ್ ಬರ್ತದೆ. ಬಲ್ಬ್ ಹೋದರೆ ಹಾಕುವವರಿಲ್ಲ, ಬಚ್ಚಲಲ್ಲಿ ಜಾರಿದರೆ ಎತ್ತುವವರಿಲ್ಲ. ಇಂಥ ಕಡೆ ಅಕ್ಕಿ ಚೀಲ ತೆಗೆದುಕೊಂಡು ಹೋದರೆ ಅವಮಾನ. ಬೇಕಾದ್ದು ಅರ್ಧ ಗಂಟೆ ಕೂತು ಹಳೆ ಸುದ್ದಿ ಕೇಳುವ ಮನುಷ್ಯ. ಕಥೋಲಿಕರ ಇಗರ್ಜಿಯಲ್ಲಿ ಪ್ರತಿ ವಾರ್ಡಿಗೂ ಒಬ್ಬ ಗುರಿಕಾರರು ಉಂಟು. ಹಬ್ಬದ ವಂತಿಗೆ ಕೇಳಲು ಎಲ್ಲ ಮನೆಗೂ ಹೋಗ್ತಾರೆ. ರಸೀದಿ ಪುಸ್ತಕ ಇಲ್ಲದೆ ವರ್ಷಕ್ಕೆ ನಾಲ್ಕು ಸಲ ಹೋದರೆ ಹೇಗೆ ಎಂದು ಒಬ್ಬ ಗುರಿಕಾರರನ್ನೇ ಕೇಳಿದೆ. 'ರಸೀದಿ ಇಲ್ಲದೆ ಹೋದರೆ ಹೆದರಿಯಾರು, ಏನೋ ಆಗಿದೆ ಎಂದು!' ಎಂದು ನಕ್ಕರು. ಆಮೇಲೆ ನಗು ನಿಲ್ಲಿಸಿ, 'ಹೋಗಬೇಕು ಮಾರಾಯ್ರೇ, ಹೋಗಬೇಕು' ಎಂದರು.

ಸಂಶಯದ ಮಾತು

ಓದುಗರಲ್ಲಿ ಕೆಲವರು ಇಷ್ಟು ಹೊತ್ತಿಗೆ ಕೇಳಿಯಾರು: ಚರ್ಚಿನವರು ಅಕ್ಕಿ ಕೊಡುವುದು ಸುಮ್ಮನೆಯೇ? ಹಿಂದಿನಿಂದ ಇನ್ನೊಂದು ಲೆಕ್ಕ ಇಲ್ಲವೇ? ಈ ಸಂಶಯ ನಮ್ಮ ಊರಿನಲ್ಲಿ ಇಲ್ಲ ಎಂದು ನಟಿಸಿ ಪ್ರಯೋಜನ ಇಲ್ಲ. 2008ರ ಸಪ್ಟಂಬರಿನಲ್ಲಿ ಮಂಗಳೂರಿನ ಪ್ರಾರ್ಥನಾಲಯಗಳ ಮೇಲೆ ಕಲ್ಲು ಬಿದ್ದದ್ದನ್ನು ಯಾರೂ ಮರೆತಿಲ್ಲ. ಹಾಗಾಗಿ ಕೊಡುವವರು ಎರಡು ಪಟ್ಟು ಜಾಗ್ರತೆ ಮಾಡಬೇಕು. ಕೊಡುವ ಕೈಯಲ್ಲಿ ಕರಪತ್ರ ಇರಬಾರದು. ಡಯಾಲಿಸಿಸಿಗೆ ಕರೆದುಕೊಂಡು ಹೋಗುವ ಕಾರಿನಲ್ಲಿ ಉಪದೇಶ ಬೇಡ. ಕೇಳಿದರೆ ಉತ್ತರ ಹೇಳಿ, ಕೇಳದಿದ್ದರೆ ಮಳೆಯ ಸುದ್ದಿ ಮಾತಾಡಿ. ಇನ್ನೂ ಒಳ್ಳೆಯ ದಾರಿ ಎಂದರೆ ಲೆಕ್ಕದ ಪುಸ್ತಕಕ್ಕೆ ನೆರೆಯ ಬೇರೆ ಧರ್ಮದ ಒಬ್ಬರನ್ನು ಸೇರಿಸಿಕೊಳ್ಳುವುದು. ಜೀನಸು ಅಂಗಡಿಯವರು ಸಾಕಲ್ಲ? ಅವರಿಗೆ ಯಾರಿಗೆ ಬೇಕು ಎಂದೂ ಗೊತ್ತು, ಯಾರಿಗೆ ಬೇಡ ಎಂದೂ ಗೊತ್ತು. ಪಟ್ಟಿಯಲ್ಲಿದ್ದ ಮೂವತ್ತು ಮಂದಿಯಲ್ಲಿ ಇಬ್ಬರಿಗೆ ಬಾಡಿಗೆ ಬರುವ ಕೋಣೆಗಳಿವೆ ಎಂದು ಅವರೇ ನನಗೆ ಹೇಳಿದ್ದು.

ಪ್ಯಾರಿಸಿನ ರೊಟ್ಟಿ ಚೀಟಿಯನ್ನೂ ಈ ಕಾಲಕ್ಕೆ ಬಳಸಬಹುದು. ಸಭೆಯವರು ಅಂಗಡಿಯಲ್ಲಿ ಹಣ ಕಟ್ಟಿಡುವುದು, ಬೇಕಾದವರು ಬಂದು ಬೇಕಾದ್ದನ್ನೇ ಆರಿಸಿ ಒಯ್ಯುವುದು. ಸಕ್ಕರೆ ಕಾಯಿಲೆಯವರಿಗೆ ಒಂದು ಕಿಲೋ ಸಕ್ಕರೆ ಕೊಟ್ಟು ಫೋಟೋ ತೆಗೆಯುವ ಅವಸ್ಥೆ ತಪ್ಪುತ್ತದೆ. ಅಂಗಡಿಯವರಿಗೂ ವ್ಯಾಪಾರ, ಅದರಲ್ಲಿ ತಪ್ಪೇನಿಲ್ಲ.

ತಪಸ್ಸುಕಾಲದ ಒಂದು ಸಂಜೆ ಮತ್ತೆ ಅದೇ ದಾರಿಯಲ್ಲಿ ಹೋಗುವಾಗ ಸೋಡಾ ಕುಡಿಯಲು ನಿಂತೆ. ಬಾಯಮ್ಮನ ಸುದ್ದಿ ಕೇಳಿದೆ. ಇಗರ್ಜಿಯ ಒಬ್ಬ ನಿವೃತ್ತ ಟೀಚರು ಅಂಗಡಿಗೆ ಬಂದು, ಕಡಲೆಬೇಳೆ ತೆಗೆದುಕೊಳ್ಳುವ ನೆಪದಲ್ಲಿ ಆ ಪುಟದ ಬಾಕಿ ಎಷ್ಟು ಎಂದು ಕೇಳಿ, ಕೊಟ್ಟು, ಹೆಸರು ಹೇಳಬೇಡಿ ಎಂದು ಹೋದರಂತೆ. ನಾಲ್ಕು ದಿನ ಬಿಟ್ಟು ಬಾಯಮ್ಮ ಆ ದಾರಿಯಲ್ಲಿ ಇಗರ್ಜಿಗೆ ಹೋಗುವಾಗ ಅಂಗಡಿಯವರು ಕರೆದರು. ಹಳೆ ಲೆಕ್ಕ ಕೂಡಿಸುವಾಗ ನನ್ನದೇ ತಪ್ಪಾಗಿತ್ತು, ನಿಮ್ಮದು ಬಾಕಿ ಏನೂ ಇಲ್ಲ ಎಂದರು.

'ನಂಬಿದ್ರಾ?' ಎಂದು ಕೇಳಿದೆ.

'ಎಲ್ಲಿ ನಂಬ್ತಾರೆ! ಸಾವಿರದ ಎಂಟುನೂರ ನಲವತ್ತು ರೂಪಾಯಿ ಎಂದು ಬಾಯಲ್ಲೇ ಹೇಳಿದ್ರು, ಪೈಸೆ ತಪ್ಪಿಲ್ಲ. ಸ್ವಲ್ಪ ಹೊತ್ತು ಇಗರ್ಜಿ ಕಡೆ ನೋಡಿದ್ರು. ಆಮೇಲೆ ಅರ್ಧ ಲೀಟರ್ ತೆಂಗಿನೆಣ್ಣೆ ಕೊಡಿ, ಹೊಸ ಪುಟದಲ್ಲಿ ಬರೀರಿ ಅಂದ್ರು.'

ಬರೆದಿದ್ದಾರೆ. ಪುಸ್ತಕ ತೆರೆದು ತೋರಿಸಿದರು, ಅಂಗೈ ಇದ್ದಲ್ಲೇ ಇತ್ತು.